ಹಕ್ಕಿಜ್ವರ ಅಂತ ಕೋಳಿ ಸಾರು ಬಿಡ್ಬೇಕಾ?

ಪ್ರಶ್ನೆ: ಹಿತ್ತಲಲ್ಲಿ ನಾಟಿ ಕೋಳಿ ಸಾಕಿದೇವೆ. ಟೀವಿಲಿ ಹಕ್ಕಿಜ್ವರದ ಸುದ್ದಿ ಬಂದಾಗಿಂದ ಮನೇಲಿ ಯಾರೂ ಕೋಳಿ, ಮೊಟ್ಟೆ ಮುಟ್ತಾ ಇಲ್ಲ. ಇದು ಮನುಷ್ಯರಿಗೆ ಬರೋದು ಹೌದಾ? ಒಬ್ರಿಗೆ ಬಂದ್ರೆ ಮನೆಯವ್ರಿಗೆಲ್ಲ ಹರಡ್ತದಾ?
– ಓದುಗರೊಬ್ರು, ಅಂಕೋಲಾ

ಉತ್ತರ: ಬರೋದು ಹೌದು, ಆದ್ರೆ ಹೆದರ್ಬೇಕಾದ್ದು ಸಾರಿಗಲ್ಲ. ಮಾಂಸದ ಒಳಗಿನ ತನಕ 70 ಡಿಗ್ರಿ ಬಿಸಿ ಮುಟ್ಟಿದ್ರೆ ವೈರಸ್ ಸತ್ತುಹೋಗ್ತದೆ, ನಮ್ಮ ಕಡೆ ಸಾರು ಕೊತಕೊತ ಕುದಿಸೋದು ನೋಡಿದ್ರೆ ಆ ಚಿಂತೆನೇ ಬೇಡ, ಮೊಟ್ಟೆನೂ ಹಳದಿ ಗಟ್ಟಿ ಆಗೋ ತನಕ ಬೇಯಿಸಿ ತಿನ್ನಿ. ಅಪಾಯ ಇರೋದು ಅದಕ್ಕಿಂತ ಮೊದ್ಲು. ಕೋಳಿ ಮಂಕಾಗಿ ಕೂತಿರ್ತದೆ, ಜುಟ್ಟು ನೀಲಿಗಟ್ಟಿ ಮುಖ ಊದಿರ್ತದೆ, "ಸಾಯೋದ್ರೊಳಗೆ ಕೊಯ್ದುಬಿಡುವಾ, ಸುಮ್ನೆ ಹಾಳಾಗ್ತದೆ" ಅಂತ ಯಾರೋ ಕತ್ತಿ ತರ್ತಾರೆ, ಬಿಸಿನೀರಲ್ಲಿ ಅದ್ದಿ ಪುಕ್ಕ ಕೀಳ್ತಾರೆ, ಕರುಳು ತೆಗೀತಾರೆ, ನಡುವೆ ಕಣ್ಣು ತುರಿಸ್ತು ಅಂತ ಅದೇ ಕೈಯಲ್ಲಿ ಉಜ್ಕೊಳ್ತಾರೆ. ದಯವಿಟ್ಟು ಇದೊಂದು ಮಾಡ್ಬೇಡಿ.

ಕಣ್ಣು ಅಂತ ಯಾಕೆ ಹೇಳ್ದೆ ಅಂದ್ರೆ, ಈ ವೈರಸ್ಸು ಜೀವಕೋಶದ ಮೇಲಿರೋ ಸಿಯಾಲಿಕ್ ಆಸಿಡ್ ಅನ್ನೋ ಸಕ್ಕರೆ ಥರದ ವಸ್ತುವಿಗೆ ಅಂಟಿಕೊಂಡೇ ಒಳಗೆ ಹೋಗೋದು. ಅದ್ರಲ್ಲಿ ಹಕ್ಕಿ ವೈರಸ್ಸಿಗೆ ಹೊಂದೋ ಬಗೆ ನಮ್ಮ ಮೂಗು, ಗಂಟಲಲ್ಲಿ ಕಡಿಮೆ, ಕಣ್ಣಲ್ಲಿ ಮತ್ತೆ ಶ್ವಾಸಕೋಶದ ಆಳದಲ್ಲಿ ಜಾಸ್ತಿ. ಅದಕ್ಕೇ ಇದು ನಮಗೆ ಸುಲಭಕ್ಕೆ ತಗಲೋದಿಲ್ಲ, ಕೆಮ್ಮಿದ್ರೆ ಮಾಮೂಲಿ ಫ್ಲೂ ಥರ ಪಕ್ಕದವ್ರಿಗೆ ದಾಟೋದೂ ತೀರಾ ಅಪರೂಪ. ಆದ್ರೆ ಆಳಕ್ಕಿಳಿದ್ರೆ ನ್ಯುಮೋನಿಯಾ ಜೋರಾಗ್ತದೆ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೊದಲ ಸಲ ಎಚ್5ಎನ್1 ಅನ್ನೋ ಹಕ್ಕಿಜ್ವರದ ವೈರಸ್ ಮನುಷ್ಯರಿಗೆ ಬಂದಾಗ 18 ಜನರಲ್ಲಿ 6 ಜನ ತೀರಿಹೋದ್ರು, 2003ರಿಂದೀಚೆ ಜಗತ್ತಲ್ಲಿ ವರದಿಯಾದ 900ಕ್ಕೂ ಹೆಚ್ಚು ಕೇಸಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಉಳೀಲಿಲ್ಲ. 2024ರಲ್ಲಿ ಅಮೆರಿಕದಲ್ಲಿ ಹಾಲಿನ ದನಗಳಿಂದ ತಗಲಿದ ಕೆಲಸಗಾರರಲ್ಲಿ ಬಹಳ ಜನಕ್ಕೆ ಬರೀ ಕಣ್ಣು ಕೆಂಪಾಗಿ ವಾಸಿ ಆಯ್ತು, ಅದೂ ನಿಜ. ನಮ್ಮ ದೇಶದಲ್ಲಿ 2021ರಲ್ಲಿ ದೆಹಲಿ ಏಮ್ಸ್‌ನಲ್ಲಿ 11 ವರ್ಷದ ಹುಡುಗ ಇದೇ ಜ್ವರದಿಂದ ತೀರಿಹೋದ, ಮಕ್ಕಳನ್ನ ಕಾಯಿಲೆ ಕೋಳಿ ಹತ್ರ ಬಿಡ್ಬೇಡಿ ಅಂತ ಒತ್ತಿ ಹೇಳೋದು ಇದಕ್ಕೇ.

ಇನ್ನೊಂದು ವಿಷ್ಯ. ಈ ವೈರಸ್ಸಿನ ಜೀನ್ 8 ತುಂಡಾಗಿ ಇರ್ತದೆ, ಒಬ್ಬನಿಗೇ ಮಾಮೂಲಿ ಫ್ಲೂ, ಹಕ್ಕಿ ಫ್ಲೂ ಎರಡೂ ಒಟ್ಟಿಗೆ ಬಂದ್ರೆ ತುಂಡುಗಳು ಅದಲುಬದಲಾಗಿ ಹೊಸ ವೈರಸ್ ಹುಟ್ಟಬಹುದು, ಅದು ಜನರಿಂದ ಜನರಿಗೆ ಸಲೀಸಾಗಿ ಹರಡೋಹಾಗಾದ್ರೆ ಕಷ್ಟ. ಹಾಗೆ ಎರಡೂ ಒಟ್ಟಿಗೆ ಬರದಿರ್ಲಿ ಅಂತ ಕೋಳಿ ಫಾರ್ಮಲ್ಲಿ, ಚಿಕನ್ ಅಂಗಡೀಲಿ ಕೆಲಸ ಮಾಡೋರು ವರ್ಷಾವರ್ಷ ಮಾಮೂಲಿ ಫ್ಲೂ ಲಸಿಕೆ ಹಾಕಿಸ್ಕೊಳ್ಳೋದು ಒಳ್ಳೇದು.

ಪ್ರಶ್ನೆ: ಕಡಲ ದಂಡೇಲಿ ಸತ್ತ ಹಕ್ಕಿ ಕಂಡ್ರೆ ಏನು ಮಾಡೋದು? ಚಳಿಗಾಲಕ್ಕೆ ಬರೋ ಹಕ್ಕಿಗಳನ್ನ ಓಡಿಸ್ಬೇಕಾ?
– ಓದುಗರೊಬ್ರು, ಕಾರವಾರ

ಉತ್ತರ: ಓಡಿಸ್ಬೇಡಿ, ಬೆದರಿದ ಹಕ್ಕಿ ಇನ್ನೊಂದು ಕಡೆ ಹೋಗಿ ಕೂರ್ತದೆ ಅಷ್ಟೆ. ಸತ್ತದ್ದನ್ನ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ, ಸ್ಯಾಂಪಲ್ ಭೋಪಾಲದ ಲ್ಯಾಬಿಗೆ ಹೋಗ್ತದೆ. ಹೊಳೆಬದಿ, ಗಜನಿ (ಉಪ್ಪುನೀರಿನ ಗದ್ದೆ) ಕಡೆ ಕೋಳಿ, ಬಾತು ಮೇಯೋಕೆ ಬಿಡೋರು ಅವುಗಳ ನೀರು, ಕಾಳು ಕಾಡುಹಕ್ಕಿ ಜೊತೆ ಬೆರೀದ ಹಾಗೆ ನೋಡ್ಕೊಳ್ಳಿ. ಇಷ್ಟೆಲ್ಲ ಆಗಿಯೂ ಜ್ವರ, ಕೆಮ್ಮು, ಕಣ್ಣುರಿ ಬಂದ್ರೆ, ನಮ್ಮ ಜಿಲ್ಲೇಲಿ ಡಾಕ್ಟ್ರು ಮೊದ್ಲು ಇಲಿಜ್ವರ, ಡೆಂಗಿ, ಮಂಗನ ಕಾಯಿಲೆ ಅಂತಾನೇ ಯೋಚ್ನೆ ಮಾಡೋದು ಸಹಜ, ಹಾಗಾಗಿ ಸತ್ತ ಕೋಳಿ ಮುಟ್ಟಿದ್ದನ್ನ ನೀವಾಗೇ ಹೇಳಿ. ಒಸೆಲ್ಟಾಮಿವಿರ್ ಅನ್ನೋ ಫ್ಲೂ ಮಾತ್ರೆ ಲಕ್ಷಣ ಶುರುವಾಗಿ 48 ಗಂಟೆ ಒಳಗೆ ಸಿಕ್ರೆ ಚೆನ್ನಾಗಿ ಕೆಲಸ ಮಾಡ್ತದೆ.