ಅಲರ್ಜಿ ಇರುವ ನಾಯಿ ಪೂರ್ತಿ ವಾಸಿಯಾಗುತ್ತಾ? ಇಲ್ಲಾ ಯಾರಿಗಾದರೂ ಕೊಟ್ಟುಬಿಡಬೇಕಾ?

ನೀವು ಕೇಳಿರುವುದು ಇಷ್ಟು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಮೂರು ವರ್ಷದ ಗಂಡು ಪಗ್. ಒಂದು ವರ್ಷದಿಂದ ಕೆರೆತ, ಪಾದ ನೆಕ್ಕುವುದು, ಕಿವಿಯಲ್ಲಿ ವಾಸನೆ. ಇಂಜೆಕ್ಷನ್ ಹಾಕಿಸಿದರೆ ಎರಡು ವಾರ ಆರಾಮಾಗಿರುತ್ತಾನೆ, ಆಮೇಲೆ ಮತ್ತೆ ಅದೇ ಕಥೆ. ಮೂರು ಡಾಕ್ಟರನ್ನು ನೋಡಿ ಆಯಿತು. ಊಟ, ಶಾಂಪೂ, ಹಾಸಿಗೆ ಎಲ್ಲ ಬದಲಾಯಿಸಿ ಆಯಿತು. ಮನೆಯವರು "ಯಾರಿಗಾದರೂ ಕೊಟ್ಟುಬಿಡೋಣ" ಅನ್ನುತ್ತಿದ್ದಾರೆ.

ನಾನು ಡಾಕ್ಟರಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ರಾಣಿ ಅಂತ ಒಂದು ಲ್ಯಾಬ್ರಡಾರ್ ಇದ್ದಾಳೆ. ಚಿಕ್ಕ ವಯಸ್ಸಿನಲ್ಲೇ ಚರ್ಮದ ಅಲರ್ಜಿ ಶುರುವಾಯಿತು. ನಡುವೆ ಒಮ್ಮೆ ಉಣ್ಣೆ ಜ್ವರ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳ, ಅಂದರೆ ಟಿಕ್‌ನಿಂದ ಬರುವುದು), ಆಮೇಲೆ ಥೈರಾಯ್ಡ್. ಈಗ ಒಂಬತ್ತು ವರ್ಷ. ತಟ್ಟೆ ಖಾಲಿ ಮಾಡಿ ನಮ್ಮ ತಟ್ಟೆಯನ್ನೂ ನೋಡುತ್ತಾಳೆ. ಅಂದರೆ ಚೆನ್ನಾಗಿದ್ದಾಳೆ.

ವಾಸಿಯಾಗುತ್ತಾ ಅನ್ನುವುದು ಕಾರಣದ ಮೇಲೆ ನಿಂತಿದೆ. ಚಿಗಟ, ಕಜ್ಜಿ ಇಂಥದ್ದಾದರೆ ವಾಸಿಯಾಗುತ್ತದೆ. ಊಟದ ಅಲರ್ಜಿಯಾದರೆ ಆಗದ ಪದಾರ್ಥ ಬಿಟ್ಟರೆ ಸಾಕು. ದೂಳಿನ ನುಸಿ, ಹೂವಿನ ಪರಾಗ, ಬೂಷ್ಟು ಇವುಗಳಿಗೆ ಮೈ ಕೆರಳುವುದು ಇದೆಯಲ್ಲ, ಡಾಕ್ಟರುಗಳು ಅಟೋಪಿ ಅನ್ನುತ್ತಾರೆ, ಅದಾದರೆ ಜೀವನಪೂರ್ತಿ ಜೊತೆಗಿರುತ್ತದೆ. ಹತೋಟಿಯಲ್ಲಿ ಇಡಬಹುದು ಅಷ್ಟೆ. ಅದು ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದ ಒಳಗೆ ಕಾಣಿಸಿಕೊಳ್ಳುತ್ತದೆ. ಪಾದ, ಮುಖ, ಕಿವಿ, ಕಂಕುಳು, ಹೊಟ್ಟೆಯ ಅಡಿ, ಇವು ಅದರ ಜಾಗಗಳು. ನೀವು ಬರೆದದ್ದು ನೋಡಿದರೆ ನನಗೆ ಅದೇ ಅನುಮಾನ. ಪಗ್‌ಗಳಲ್ಲಿ, ಲ್ಯಾಬ್‌ಗಳಲ್ಲಿ ಇದು ಜಾಸ್ತಿ ಬೇರೆ.

ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಕೆರೆತಕ್ಕಿಂತ ಹೆಚ್ಚು ಕಣ್ಣಿಗೆ ಬಿದ್ದದ್ದು ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ದೀರಿ. ಹೊಸ ಊಟ, ಹೊಸ ಶಾಂಪೂ, ಹೊಸ ಡಾಕ್ಟರು, ಇಂಜೆಕ್ಷನ್, ಎಲ್ಲ ಒಂದೇ ಸಲ. ಸ್ವಲ್ಪ ಕಡಿಮೆಯಾಯಿತು ಅಂದುಕೊಳ್ಳಿ. ಯಾವುದರಿಂದ ಅಂತ ಹೇಗೆ ಗೊತ್ತಾಗಬೇಕು? ಒಂದು ಸಲಕ್ಕೆ ಒಂದೇ ಬದಲಾವಣೆ. ಉಳಿದದ್ದು ಇದ್ದ ಹಾಗೇ ಇರಲಿ. ಇದು ಬೇಜಾರಿನ ಕೆಲಸ, ನಿಜ. ಆದರೆ ಇದನ್ನು ಬಿಟ್ಟು ಬೇರೆ ದಾರಿ ನನಗೆ ಸಿಕ್ಕಿಲ್ಲ.

ಇನ್ನೊಂದು ವಿಷಯ ನಮ್ಮ ಡಾಕ್ಟರು ಹೇಳಿದ್ದು. ಅಲರ್ಜಿ ನಾಯಿಯ ಮೈ ಒಂದು ಬಿಂದಿಗೆ ಇದ್ದ ಹಾಗೆ. ದೂಳಿನ ನುಸಿಯಿಂದ ಅರ್ಧ ತುಂಬಿರುತ್ತದೆ, ಚಿಗಟ ಕಚ್ಚಿದರೆ ಇನ್ನೊಂದಿಷ್ಟು, ಚರ್ಮದಲ್ಲಿ ಸೋಂಕಾದರೆ ಇನ್ನೊಂದಿಷ್ಟು. ತುಂಬಿ ಚೆಲ್ಲಿದಾಗ ಕೆರೆತ. ನುಸಿಯನ್ನು ಪೂರ್ತಿ ಓಡಿಸಲು ಆಗುವುದಿಲ್ಲ. ಮಿಕ್ಕ ಎರಡನ್ನು ಖಂಡಿತ ತೆಗೆಯಬಹುದು. ಆದ್ದರಿಂದ ಶುರು ಅಲ್ಲಿಂದ.

"ನಮ್ಮದು ನಾಲ್ಕನೇ ಮಹಡಿ, ಚಿಗಟವೇ ಇಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತವೇ ಸಾಕು. ಕೆರೆದು, ನೆಕ್ಕಿ ಅದೇ ಚಿಗಟವನ್ನು ನುಂಗಿಬಿಡುತ್ತದೆ. ನಿಮ್ಮ ಕಣ್ಣಿಗೆ ಏನೂ ಬೀಳುವುದಿಲ್ಲ. ಬಾಲದ ಬುಡದಲ್ಲಿ ಕೂದಲು ಉದುರಿದ್ದರೆ ಅನುಮಾನ ಗಟ್ಟಿ. ಈಗ ಒಳ್ಳೆಯ ಮಾತ್ರೆಗಳಿವೆ. ಅಫಾಕ್ಸೊಲೇನರ್ ತಿಂಗಳಿಗೊಂದು, ಫ್ಲುರಲೇನರ್ ಆದರೆ ಸುಮಾರು 12 ವಾರ ನಡೆಯುತ್ತದೆ. ಉಣ್ಣೆಗೂ ಆಗುತ್ತದೆ. ನಾಯಿಗೆ ಫಿಟ್ಸ್ ಬಂದ ಇತಿಹಾಸ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ನಮ್ಮ ಹವೆಯಲ್ಲಿ ವರ್ಷಪೂರ್ತಿ ಕೊಡಬೇಕು, ಮಳೆಗಾಲಕ್ಕೆ ಮಾತ್ರ ಅಂತಲ್ಲ.

ಆಮೇಲೆ ಸೋಂಕು. ಕಿವಿಯ ಆ ಹುಳಿ ವಾಸನೆ, ಪಾದದ ಕಂದು ಬಣ್ಣ, ಜಿಡ್ಡು ಜಿಡ್ಡಾದ ಚರ್ಮ, ಇದೆಲ್ಲ ಹೆಚ್ಚಾಗಿ ಮಲಸೀಜಿಯಾ ಅನ್ನುವ ಯೀಸ್ಟ್‌ನ ಕೆಲಸ. ಡಾಕ್ಟರು ಚರ್ಮಕ್ಕೆ ಟೇಪ್ ಅಂಟಿಸಿ ತೆಗೆದು, ಕಿವಿಯ ಗುಗ್ಗೆಯನ್ನು ಸ್ಲೈಡಿಗೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ಯೀಸ್ಟಾ, ಬ್ಯಾಕ್ಟೀರಿಯಾನಾ, ಎರಡೂನಾ? ಮದ್ದು ಬೇರೆ ಬೇರೆ. ಚರ್ಮ ಸ್ವಲ್ಪ ಕೆರೆದು ನೋಡಿದರೆ ಕಜ್ಜಿ ಹುಳವೂ ತಿಳಿಯಬಹುದು. ಮೂರು ಕಡೆ ತೋರಿಸಿದರೂ ಒಬ್ಬರೂ ಸ್ಲೈಡ್ ನೋಡಿಲ್ಲ ಅಂದರೆ ನೀವೇ ಬಾಯಿಬಿಟ್ಟು ಕೇಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿಮಗೆ ಹತ್ತಿರವೇ ಇದೆ. ಬೇರೆ ಊರಿನವರು ಓದುತ್ತಿದ್ದರೆ ಶಿವಮೊಗ್ಗ, ಹಾಸನ, ಬೀದರ್‌ನಲ್ಲೂ ಕಾಲೇಜುಗಳಿವೆ.

ಶಾಂಪೂ ಬಗ್ಗೆ ಒಂದು ಮಾತು. ಕ್ಲೋರ್‌ಹೆಕ್ಸಿಡಿನ್ ಇರುವ, ರೋಗಾಣು ಕೊಲ್ಲುವ ಮೆಡಿಕಲ್ ಶಾಂಪೂ ಕೊಟ್ಟರೆ, ನೊರೆ ಮೈಮೇಲೆ ಹತ್ತು ನಿಮಿಷ ನಿಲ್ಲಬೇಕು. ಹಚ್ಚಿ ತಕ್ಷಣ ನೀರು ಸುರಿದರೆ ದುಡ್ಡು ಮೋರಿಗೆ ಹೋದ ಹಾಗೆ. ಆ ಹತ್ತು ನಿಮಿಷ ನಾಯಿಯನ್ನು ಹಿಡಿದು ನಿಲ್ಲಿಸುವುದೇ ದೊಡ್ಡ ಸಾಹಸ. ನಾವು ಬಾತ್‌ರೂಮಿನ ಗೋಡೆಗೆ ಒಂಚೂರು ಗೆಣಸು ಮೆತ್ತುತ್ತೇವೆ. ನೆಕ್ಕುತ್ತಾ ನಿಂತಿರುತ್ತಾಳೆ. ಸ್ನಾನ ಆದಮೇಲೆ ಬೆರಳ ಸಂದು, ಕಂಕುಳು ಪೂರ್ತಿ ಒಣಗಬೇಕು. ಮನುಷ್ಯರ ಸೋಪು ಬೇಡ, ನಾಯಿ ಚರ್ಮಕ್ಕೆ ಅದು ಹೊಂದುವುದಿಲ್ಲ. ಕಿವಿಗೆ ಬಡ್ಸ್ ಹಾಕಬೇಡಿ. ನಾಯಿ ಕಿವಿಯ ದಾರಿ ಒಳಗೆ ತಿರುವಿಕೊಂಡಿದೆ, ಬಡ್ಸ್ ಹಾಕಿದರೆ ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ.

ಈಗ ಊಟ. ಜನ ಸೋಲುವುದು ಇಲ್ಲೇ. ನಾಯಿಯಿಂದಲ್ಲ, ಮನೆಯವರಿಂದ.

ರಕ್ತ ಪರೀಕ್ಷೆ ಮಾಡಿಸಿ ಊಟದ ಅಲರ್ಜಿ ಕಂಡುಹಿಡಿಯುತ್ತೇವೆ ಅಂತ ಯಾರಾದರೂ ಹೇಳಿದರೆ ದುಡ್ಡು ಉಳಿಸಿಕೊಳ್ಳಿ. ಕೂದಲು, ಜೊಲ್ಲಿನ ಪರೀಕ್ಷೆಯೂ ಅಷ್ಟೆ. ನಂಬುವ ಹಾಗಿಲ್ಲ. ನಂಬಬಹುದಾದ ದಾರಿ ಒಂದೇ. ನಾಯಿ ಇದುವರೆಗೆ ತಿನ್ನದ ಒಂದು ಪ್ರೋಟೀನು, ಒಂದು ಪಿಷ್ಟ, ಅಥವಾ ಡಾಕ್ಟರು ಬರೆದುಕೊಡುವ ಹೈಡ್ರೊಲೈಸ್ಡ್ ಆಹಾರ, ಅಂದರೆ ಪ್ರೋಟೀನನ್ನು ಸಣ್ಣ ಸಣ್ಣ ಚೂರಾಗಿ ಒಡೆದದ್ದು. ಕನಿಷ್ಠ 8 ವಾರ ಅದನ್ನು ಬಿಟ್ಟು ಬೇರೇನೂ ಇಲ್ಲ. ಕಡಿಮೆಯಾದರೆ ಹಳೆಯ ಊಟ ಮತ್ತೆ ಕೊಟ್ಟು ನೋಡುವುದು. ಒಂದೆರಡು ವಾರದೊಳಗೆ ಕೆರೆತ ವಾಪಸ್ ಬಂದರೆ ಕಾರಣ ಅದೇ. ಈ ಕೊನೆಯ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಮಳೆ ನಿಂತದ್ದರಿಂದ ಕೆರೆತ ಕಡಿಮೆಯಾಗಿರಬಹುದು, ಊಟದಿಂದಲ್ಲ.

"ಗ್ರೇನ್ ಫ್ರೀ" ಅಂತ ಬರೆದ ದುಬಾರಿ ಚೀಲದ ಹಿಂದೆ ಹೋಗಬೇಡಿ. ನಾಯಿಗಳಿಗೆ ಸಾಮಾನ್ಯವಾಗಿ ಆಗದಿರುವುದು ಅಕ್ಕಿಯಲ್ಲ. 2016ರಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಮೊದಲ ನಾಲ್ಕು ಹೀಗೆ ಬಂದವು: ದನದ ಮಾಂಸ, ಹಾಲಿನ ಪದಾರ್ಥ, ಚಿಕನ್, ಗೋಧಿ. ನಮ್ಮ ಕಡೆ ನಾಯಿ ಊಟ ಅಂದರೆ ಏನು? ಮೊಸರನ್ನ, ಚಿಕನ್ ಅಂಗಡಿಯ ತಲೆ-ಕಾಲು, ಸಂಜೆ ಬಿಸ್ಕತ್ತು. ನಾಲ್ಕರಲ್ಲಿ ಮೂರು ನಮ್ಮ ಅಡುಗೆಮನೆಯಲ್ಲೇ ಇವೆ.

ರಾಣಿಗೆ ಮುಳ್ಳು ತೆಗೆದ ಸಮುದ್ರದ ಮೀನು ಮತ್ತು ಬೇಯಿಸಿದ ಗೆಣಸು ಅಂತ ತೀರ್ಮಾನವಾಯಿತು. ಉಪ್ಪಿಲ್ಲ, ಒಗ್ಗರಣೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಯಾವ ನಾಯಿಗೂ ಆಗದು. ನಮ್ಮದು ಮೀನು ತರದ ಮನೆ, ಹೊರಗೆ ಬಾಲ್ಕನಿಯಲ್ಲಿ ಇಂಡಕ್ಷನ್ ಒಲೆ ಇಟ್ಟು ಬೇಯಿಸಬೇಕಾಯಿತು. ಅಮ್ಮ ಮೂಗು ಮುಚ್ಚಿಕೊಂಡೇ ಗೆಣಸಿನ ಸಿಪ್ಪೆ ತೆಗೆದುಕೊಟ್ಟರು. ಅದಲ್ಲ ಕಷ್ಟ. ಕಷ್ಟ ಅಪ್ಪನದು. ಬೆಳಿಗ್ಗೆ ಕಾಫಿಯಲ್ಲಿ ಅದ್ದಿದ ಮಾರಿ ಬಿಸ್ಕತ್ತಿನಲ್ಲಿ ಅರ್ಧ ಅವಳಿಗೆ ಅನ್ನುವುದು ಅವರಿಬ್ಬರ ಒಪ್ಪಂದ. "ಅರ್ಧ ಬಿಸ್ಕತ್ತಿನಿಂದ ಏನಾಗುತ್ತೆ?" ಅಂದರು. ಏನಾಗುತ್ತೆ ಅಂದರೆ, ಅದರಲ್ಲಿ ಗೋಧಿಯೂ ಇದೆ, ಹಾಲೂ ಇದೆ, ಎಣಿಸಿದ ವಾರಗಳು ಮತ್ತೆ ಒಂದರಿಂದ ಶುರು. ಬೈದರೆ ಕದ್ದು ಕೊಡುತ್ತಾರೆ, ವಯಸ್ಸಾದವರು ಹಾಗೇ. ಅದಕ್ಕೆ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಗೆಣಸಿನ ಚೂರು ತುಂಬಿ ಅವರ ಕುರ್ಚಿಯ ಪಕ್ಕ ಇಟ್ಟೆವು. ಕೊಡುವ ಕೈಯೂ ಅವರದೇ, ಸಮಯವೂ ಅದೇ. ತಿನಿಸು ಮಾತ್ರ ಬೇರೆ. ರಾಣಿಗೆ ಏನೂ ವ್ಯತ್ಯಾಸ ಅನಿಸಲಿಲ್ಲ. ಕೆಳಗಿನ ಮನೆಯ ಮಕ್ಕಳಿಗೂ, ಕೆಲಸಕ್ಕೆ ಬರುವ ಅಕ್ಕನಿಗೂ ಅದೇ ಡಬ್ಬಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿಯವರಿಗೂ ಹೇಳಬೇಕಾಗುತ್ತದೆ. ಪಗ್ ಅಂದರೆ ಎಲ್ಲರೂ ಏನಾದರೂ ಕೊಡುವವರೇ.

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಜಂತುಹುಳದ ಮತ್ತು ಚಿಗಟದ ಜಗಿಯುವ ಮಾತ್ರೆಗಳಲ್ಲಿ ಮಾಂಸದ ರುಚಿ ಸೇರಿಸಿರುತ್ತಾರೆ. ಊಟದ ಪರೀಕ್ಷೆ ನಡೆಯುವಾಗ ಬೆನ್ನಿಗೆ ಹಾಕುವ ಹನಿ ಮದ್ದು ಕೊಡಿ ಅಂತ ಕೇಳಿ. ಹಾಗೆಯೇ ಮೀನು-ಗೆಣಸು ಎರಡು ತಿಂಗಳಿಗೆ ಸರಿ, ವರ್ಷಗಟ್ಟಲೆ ನಡೆಸಿದರೆ ಕ್ಯಾಲ್ಸಿಯಂ ಮುಂತಾದವು ಸಾಲುವುದಿಲ್ಲ. ರಾಣಿಗೆ ಕೊನೆಗೆ ಊಟದ ಅಲರ್ಜಿ ಇಲ್ಲ ಅಂತಲೇ ತಿಳಿಯಿತು. ಅಪ್ಪನಿಗೆ ಗೆದ್ದಷ್ಟು ಖುಷಿ. ನನಗೂ ಖುಷಿಯೇ, ಒಂದು ಬಾಗಿಲು ಮುಚ್ಚಿತಲ್ಲ. ಉಳಿದದ್ದು ಅಟೋಪಿ.

ನಿಮ್ಮ ಆ ಇಂಜೆಕ್ಷನ್ ವಿಷಯ. ಎರಡು ವಾರ ಮ್ಯಾಜಿಕ್ ಮಾಡಿ ಆಮೇಲೆ ಕೈಕೊಡುವುದು ಹೆಚ್ಚಾಗಿ ಸ್ಟೀರಾಯ್ಡ್. ಹೆಸರು ಚೀಟಿಯಲ್ಲಿ ಬರೆಸಿಕೊಳ್ಳಿ. ಸ್ಟೀರಾಯ್ಡ್ ವಿಷವೇನಲ್ಲ. ತೀರಾ ಕೆರಳಿದಾಗ ನಾಲ್ಕು ದಿನ ಕೊಟ್ಟರೆ ಜೀವ ಉಳಿದ ಹಾಗಾಗುತ್ತದೆ. ಆದರೆ ತಿಂಗಳುಗಟ್ಟಲೆ ಹೋದರೆ ನೀರು ಕುಡಿಯುವುದು, ಉಚ್ಚೆ, ಹಸಿವು ಜಾಸ್ತಿಯಾಗುತ್ತದೆ, ತೂಕ ಏರುತ್ತದೆ, ಚರ್ಮ ತೆಳ್ಳಗಾಗುತ್ತದೆ, ಸಕ್ಕರೆ ಕಾಯಿಲೆಯೂ ಬರಬಹುದು. ಉಸಿರಾಟವೇ ಕಷ್ಟವಾಗಿರುವ ಪಗ್‌ಗೆ ತೂಕ ಏರುವುದು ಬಹಳ ಕೆಟ್ಟದ್ದು. ದಿನಾ ಕೊಡುತ್ತಿದ್ದ ಸ್ಟೀರಾಯ್ಡ್ ಮಾತ್ರೆಯನ್ನು ದಿಢೀರ್ ಅಂತ ನಿಲ್ಲಿಸಲೂಬಾರದು, ಇಳಿಸುತ್ತಾ ಬರಬೇಕು.

ಓಕ್ಲಾಸಿಟಿನಿಬ್ ಬಗ್ಗೆ ಕೇಳಿ ನೋಡಿ. ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕ ಮಾತ್ರೆ. ಕೆರೆತದ ಸಂಕೇತವನ್ನೇ ತಡೆಯುತ್ತದೆ, ಒಂದು ದಿನದೊಳಗೆ ಗುಣ ಕಾಣುತ್ತದೆ. ಒಂದು ವರ್ಷ ತುಂಬದ ಮರಿಗೆ, ದೊಡ್ಡ ಸೋಂಕು ಇರುವ ನಾಯಿಗೆ ಕೊಡುವುದಿಲ್ಲ. ದುಬಾರಿ. ರಾಣಿಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೇಕೇ ಬೇಕು, ಬೇಸಿಗೆಯಲ್ಲಿ ಡಾಕ್ಟರ ಒಪ್ಪಿಗೆಯಿಂದ ನಿಲ್ಲಿಸುತ್ತೇವೆ. ಸೆಟ್ರಿಜಿನ್ (ಮನುಷ್ಯರು ನುಂಗುವ ಅಲರ್ಜಿ ಮಾತ್ರೆ) ಬಹಳ ನಾಯಿಗಳಿಗೆ ಅಷ್ಟಾಗಿ ನಾಟುವುದಿಲ್ಲ. ಅದರಲ್ಲೂ ನೆಗಡಿ ಮದ್ದು ಸೇರಿಸಿದ ಮಾತ್ರೆಗಳು ನಾಯಿಗೆ ಅಪಾಯ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಕೊಡಬೇಡಿ. ಅರಿಶಿನ, ಬೇವಿನೆಣ್ಣೆ ಸಲಹೆಗಳೂ ಬರುತ್ತವೆ. ನಾಯಿ ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ ಅನ್ನುವುದೊಂದು ನೆನಪಿಟ್ಟರೆ ಸಾಕು, ಬೇಕಾ ಬೇಡವಾ ಅಂತ ನೀವೇ ಹೇಳುತ್ತೀರಿ.

ಅಲರ್ಜಿ ಇದೆ ಅಂತ ಗೊತ್ತಾದ ಮೇಲೆ ಬೇರೆ ಕಾಯಿಲೆಗಳೆಲ್ಲ ಅದರ ಹಿಂದೆ ಅಡಗಿಕೊಳ್ಳುತ್ತವೆ. ಹಸಿವಿಲ್ಲ, ಮಂಕಾಗಿದ್ದಾನೆ ಅಂದರೆ ಅದು ಅಲರ್ಜಿಯಲ್ಲ, ರಕ್ತ ಪರೀಕ್ಷೆ ಮಾಡಿಸಿ. ರಾಣಿಗೆ ಉಣ್ಣೆ ಜ್ವರ ಸಿಕ್ಕಿದ್ದು ಪ್ಲೇಟ್‌ಲೆಟ್ ಇಳಿದದ್ದು ನೋಡಿ. ಎರ್ಲಿಕಿಯಾ ಅನ್ನುವ ರೋಗಾಣು, ಅದಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆ ಸುಮಾರು ನಾಲ್ಕು ವಾರ. ಥೈರಾಯ್ಡ್ ಸಿಕ್ಕಿದ್ದು ಊಟ ಹೆಚ್ಚಿಸದಿದ್ದರೂ ತೂಕ ಏರಿದಾಗ, ಬೆನ್ನಿನ ಕೂದಲು ತೆಳ್ಳಗಾದಾಗ. ಸ್ಟೀರಾಯ್ಡ್ ನಡೆಯುವಾಗ ಥೈರಾಯ್ಡ್ ಪರೀಕ್ಷೆ ಸರಿಯಾಗಿ ಬರುವುದಿಲ್ಲ, ಇದು ನೆನಪಿರಲಿ. ತಮಾಷೆ ಅಂದರೆ, ನಾಯಿಗೆ ಥೈರಾಯ್ಡ್ ಮಾತ್ರೆ ಮನುಷ್ಯರಿಗಿಂತ ಎಷ್ಟೋ ಪಟ್ಟು ಜಾಸ್ತಿ ಬೇಕು. ಮೆಡಿಕಲ್ ಶಾಪಿನವರು ಚೀಟಿಯನ್ನು ಎರಡು ಸಲ ನೋಡಿ "ಇಷ್ಟೊಂದು ಯಾರಿಗೆ ಸಾರ್?" ಅಂತ ಕೇಳಿದ್ದರು.

ಈಗ ದಿನನಿತ್ಯ ಹೇಗಿರುತ್ತದೆ? ವಾಕ್ ಮುಗಿಸಿ ಬಂದ ತಕ್ಷಣ ಒದ್ದೆ ಬಟ್ಟೆಯಲ್ಲಿ ಪಾದ, ಹೊಟ್ಟೆ ಒರೆಸಿ ಒಣಗಿಸುತ್ತೇವೆ. ಕಾಂಗ್ರೆಸ್ ಗಿಡ ಬೆಳೆದ ಖಾಲಿ ಸೈಟುಗಳ ಕಡೆ ಹೋಗುವುದಿಲ್ಲ, ಮನುಷ್ಯರಿಗೇ ಅದು ಚರ್ಮ ಕೆರಳಿಸುತ್ತದೆ. ಅವಳ ಹಾಸಿಗೆಯ ಹೊದಿಕೆಗಳು ವಾರಕ್ಕೊಮ್ಮೆ ಬಿಸಿನೀರಿಗೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಆವತ್ತಿನ ಕೆರೆತಕ್ಕೆ ಹತ್ತಕ್ಕೆ ಎಷ್ಟು ಅಂತ ಒಂದು ಅಂಕಿ. ಡಾಕ್ಟರ ಹತ್ತಿರ ಹೋದಾಗ "ಪರವಾಗಿಲ್ಲ ಸಾರ್" ಅನ್ನುವ ಬದಲು ಅದರ ಫೋಟೋ ತೋರಿಸುತ್ತೇನೆ.

ಇನ್ನು ಕೊಟ್ಟುಬಿಡುವ ಮಾತು. ನಿಮ್ಮ ಮನೆಯವರನ್ನು ನಾನು ಬೈಯುವುದಿಲ್ಲ. ರಾತ್ರಿ ಎರಡು ಗಂಟೆಗೆ ಕಾಲು ಬಡಿದು ಕೆರೆಯುವ ಸದ್ದು ಕೇಳಿದವರಿಗೇ ಗೊತ್ತು. ಆದರೆ ತೆಗೆದುಕೊಳ್ಳುವವರು ಯಾರು ಹೇಳಿ? ವಾರಕ್ಕೆ ಎರಡು ಸ್ನಾನ, ಬರೆದಿಟ್ಟ ಊಟ, ದುಬಾರಿ ಮಾತ್ರೆ, ಇಷ್ಟೆಲ್ಲ ಒಪ್ಪಿಕೊಂಡು ಕರೆದೊಯ್ಯುವವರು ಬಹಳ ಕಡಿಮೆ. ಫಾರ್ಮ್‌ಹೌಸ್‌ಗೆ ಬಿಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹುಲ್ಲು, ಉಣ್ಣೆ, ಬಿಸಿಲು, ಪಗ್‌ಗೆ ಮೂರೂ ಕಷ್ಟ. ನಿಜವಾಗಲೂ ಕೈಲಾಗದಿದ್ದರೆ ಕಾಯಿಲೆಯ ಪೂರ್ತಿ ಕಡತ ಕೊಟ್ಟು, ಎಲ್ಲ ತಿಳಿಸಿ, ಗೊತ್ತಿರುವವರಿಗೇ ಕೊಡಿ. ನನ್ನ ಸಲಹೆ ಕೇಳಿದರೆ, ಚಿಗಟದ ಮದ್ದು, ಸ್ಲೈಡ್, 8 ವಾರದ ಊಟ ಇವು ಮುಗಿಯುವವರೆಗೆ ಆ ಮಾತು ಬೇಡ ಅಂತ ಮನೆಯಲ್ಲಿ ಒಪ್ಪಿಸಿ. ಮೂರರಲ್ಲಿ ಒಂದನ್ನೂ ನೀವಿನ್ನೂ ಸರಿಯಾಗಿ ಮಾಡಿ ನೋಡಿಲ್ಲ.

ಅಂದ ಹಾಗೆ, ಪಗ್ ಅಂದಮೇಲೆ ಮೂಗಿನ ಮೇಲಿನ ಮಡಿಕೆ ಬಿಡಿಸಿ ನೋಡುತ್ತಿದ್ದೀರಾ? ಒಳಗೆ ಕೆಂಪಗೆ, ತೇವವಾಗಿ, ವಾಸನೆ ಇದ್ದರೆ ಅಲ್ಲೂ ಸೋಂಕಿದೆ. ಸ್ಲೈಡ್ ಮಾಡಿಸುವಾಗ ಅಲ್ಲಿಂದಲೂ ಒಂದು ತೆಗೆಯಲು ಹೇಳಿ. ಬಾಲದ ಸುರುಳಿಯ ಅಡಿಯಿಂದಲೂ.