ಮೊಸಳೆಯ ಹ್ಯಾಚ್‌ಲಿಂಗ್ (ಆಗತಾನೆ ಮೊಟ್ಟೆಯೊಡೆದು ಬಂದದ್ದು), ಜುವೆನೈಲ್ (ಬೆಳೆಯುತ್ತಿರುವ ಮರಿ), ಸಬ್‌ಅಡಲ್ಟ್ (ಇನ್ನೂ ಪ್ರಾಯಕ್ಕೆ ಬಾರದ್ದು) ಹಂತಗಳಿಗೆ ಕನ್ನಡದಲ್ಲಿ ಏನನ್ನಬೇಕು? ಹಾವಿಗೂ ಅವೇ ಪದ ಸಾಕೇ?

ಈ ಪ್ರಶ್ನೆಗೆ ನಾನು ಒಮ್ಮೆ ದಂಡ ತೆತ್ತಿದ್ದೇನೆ. ಕಾವೇರಿ ತೀರದ ಮೊಸಳೆ ಎಣಿಕೆಗೆ ಬಳಸುವ ನಮೂನೆಯನ್ನು ಕನ್ನಡಕ್ಕೆ ತಂದವನು ನಾನೇ. ಇಂಗ್ಲಿಷಿನಲ್ಲಿ ಹ್ಯಾಚ್‌ಲಿಂಗ್‌ಗೆ ಒಂದು ಕಲಂ, ಜುವೆನೈಲ್‌ಗೆ ಇನ್ನೊಂದು ಇತ್ತು. ಎರಡೂ ಮರಿಯೇ ತಾನೆ ಎಂದು ಸೇರಿಸಿ, ‘ಮರಿ’ ಎಂದು ಒಂದೇ ಕಲಂ ಮಾಡಿದೆ. ಹಾಳೆ ಚೊಕ್ಕಟವಾಯಿತೆಂದು ಬೀಗಿದ್ದೆ ಬೇರೆ.

ಎಣಿಕೆ ನಡೆದದ್ದು ಜೂನ್‌ನಲ್ಲಿ. ನಮ್ಮ ಮಗ್ಗರ್ ಮೊಸಳೆ ಬೇಸಿಗೆಯಲ್ಲಿ ದಡದಲ್ಲಿ ಗುಂಡಿ ತೋಡಿ 25–30 ಮೊಟ್ಟೆ ಇಡುತ್ತದೆ. ಮಳೆಗಾಲದ ಹೊಸ್ತಿಲಲ್ಲಿ ಮರಿಗಳು ಹೊರಬರುತ್ತವೆ. ಅವುಗಳಲ್ಲಿ ಹೆಚ್ಚಿನವು ವರ್ಷ ತುಂಬುವುದರೊಳಗೆ ಹಕ್ಕಿ, ಮೀನುಗಳ ಪಾಲು. ಎರಡು ವರ್ಷ ದಾಟಿದ ಮರಿಯ ಲೆಕ್ಕವೇ ಬೇರೆ, ಅದು ದಕ್ಕುವ ಜೀವ. ನಾನು ಇವೆರಡನ್ನೂ ಒಂದೇ ಬುಟ್ಟಿಗೆ ಸುರಿದಿದ್ದೆ. ಹುಡುಗನೊಬ್ಬ ‘ಮರಿ: 41’ ಎಂದು ಬರೆದು ತಂದ. ಆ ವಾರ ಹುಟ್ಟಿದ್ದೆಷ್ಟು, ದಕ್ಕಿದ್ದೆಷ್ಟು? ಅವನಿಗೇ ನೆನಪಿಲ್ಲ. ಹೊಳೆಯಲ್ಲಿ ಸಂತತಿ ಹೆಚ್ಚುತ್ತಿದೆಯೋ ಇಲ್ಲವೋ ತಿಳಿಯಲು ಬೇಕಿದ್ದದ್ದು ಆ ಎರಡನೆಯ ಸಂಖ್ಯೆಯೇ. ಟಾರ್ಚ್ ಬೆಳಕಿಗೆ ಹೊಳೆಯುವ ಕಣ್ಣುಗಳನ್ನು ಎಣಿಸುತ್ತ ಎರಡು ರಾತ್ರಿ ನಿದ್ದೆಗೆಟ್ಟವರ ಶ್ರಮ, ನಾನು ಅಳಿಸಿದ ಒಂದು ಗೆರೆಯಿಂದ ನೀರಿಗೆ ಹೋಯಿತು.

ಮರುವರ್ಷ ಹೆದರಿಕೊಂಡು ‘ನವಜಾತ, ಕಿಶೋರ, ಉಪವಯಸ್ಕ’ ಎಂದು ಬರೆದೆ. ತೆಪ್ಪದ ಅಂಬಿಗರು ಓದಿಸಿಕೊಂಡು ಕೇಳಿದರು: “ಸ್ವಾಮಿ, ಇದರಲ್ಲಿ ಗೇಣುದ್ದದ್ದು ಯಾವುದು, ಮೊಳದುದ್ದದ್ದು ಯಾವುದು?”

ಅವರ ಮಾತೇ ಸರಿ. ನೀವು ಹುಡುಕುತ್ತಿರುವ ವಯಸ್ಸಿನ ಪದ ಮೊಸಳೆಗೆ ಬೇಕಾಗಿಯೇ ಇಲ್ಲ. ಅದರ ಬೆಳವಣಿಗೆ ನಡೆಯುವುದು ಸಿಕ್ಕ ಆಹಾರ, ಕಾಯಿಸಿಕೊಂಡ ಬಿಸಿಲಿನ ಲೆಕ್ಕದಲ್ಲಿ. ಒಂದೇ ವಯಸ್ಸಿನ ಎರಡು ಮೊಸಳೆಗಳ ಉದ್ದ ಒಂದೇ ಇರಬೇಕಿಲ್ಲ. ಆಗತಾನೆ ಹುಟ್ಟಿದ ಮಗ್ಗರ್ ಗೇಣಿಗಿಂತ ತುಸು ಉದ್ದ. ಹೆಣ್ಣು ಮೊಟ್ಟೆಯಿಡುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ಮಾರು, ಅಂದರೆ ಆರಡಿ. ಗಂಡು ಇನ್ನೂ ಉದ್ದ ಬೆಳೆಯಬೇಕು. ಈಗ ನಮ್ಮ ನಮೂನೆಯಲ್ಲಿ ಗೇಣುಮರಿ, ಮೊಳಮರಿ, ಮಾರಿಗೆ ಬಾರದ್ದು, ಮಾರು ದಾಟಿದ್ದು ಎಂದು ನಾಲ್ಕು ಕಲಂಗಳಿವೆ. ಕರು, ಕಡಸು, ಹಸು ಎಂದು ಬೇರೆ ಬೇರೆ ಹೆಸರಿಟ್ಟವರು ನಾವು. ಸಾಕದ ಪ್ರಾಣಿಗೆ ‘ಮರಿ’ ಒಂದೇ ಸಾಕೆನಿಸಿರಬೇಕು.

ಹಾವಿಗೆ ಈ ಅಳತೆ ತರಬೇಡಿ, ಒಂದೊಂದು ಜಾತಿಯ ಉದ್ದ ಒಂದೊಂದು. ಕೊಳಕುಮಂಡಲವಂತೂ ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ, ಹಾಗಾಗಿ ಅಲ್ಲಿ ‘ಮೊಟ್ಟೆಯೊಡೆದ ಮರಿ’ ತಪ್ಪು. ‘ಎಳೆಮರಿ’ ಎಂದೂ ಬರೆಯಬೇಡಿ: ಹುಟ್ಟಿದ ಗಳಿಗೆಯಿಂದಲೇ ಅದಕ್ಕೆ ವಿಷವಿದೆ, ಓದಿದವರು ಬರಿಗೈಯಲ್ಲಿ ಎತ್ತಿಕೊಂಡಾರು.