ಓದುಗರು ಕೇಳಿದ್ದು: ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನು ತಿದ್ದಬೇಕಾದವರು ಯಾರು?

ಪ್ರಶ್ನೆ: ಗಡಿಯಾಚೆ ದಕ್ಷಿಣ ಕನ್ನಡದಲ್ಲಿ ಕಂಬಳಕ್ಕೆ ಕಾನೂನಿನ ರಕ್ಷಣೆ ಇದೆ. ಕರ್ನಾಟಕ ಮಾಡಿಕೊಂಡ ಆ ತಿದ್ದುಪಡಿ ನಮ್ಮ ಮಂಜೇಶ್ವರ ತಾಲೂಕಿಗೂ ಸಲ್ಲುತ್ತದೆಯೇ? ಇಲ್ಲವಾದರೆ ಏನು ದಾರಿ?
(ಪೈವಳಿಕೆಯ ಓದುಗರು)

ಉತ್ತರ: ಸಲ್ಲುವುದಿಲ್ಲ. ಪ್ರಾಣಿ ಹಿಂಸೆ ತಡೆಯುವ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ 17ನೇ ನಮೂದು. ಅಂದರೆ ಸಂಸತ್ತೂ ಕಾನೂನು ಮಾಡಬಹುದು, ರಾಜ್ಯದ ವಿಧಾನಸಭೆಯೂ ಮಾಡಬಹುದು. ಎರಡಕ್ಕೂ ತಾಳೆಯಾಗದಿದ್ದರೆ ಸಂಸತ್ತಿನ ಮಾತೇ ಮೇಲು. ಇದಕ್ಕೆ ಇರುವ ವಿನಾಯಿತಿ 254ನೇ ವಿಧಿಯ 2ನೇ ಖಂಡ. ರಾಜ್ಯದ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಗೆ ಕಳಿಸಿ, ಅಲ್ಲಿ ಅಂಕಿತ ಬಿದ್ದರೆ, ಆ ರಾಜ್ಯದ ಮಟ್ಟಿಗೆ ಮಾತ್ರ ಅದು ಕೇಂದ್ರ ಕಾಯ್ದೆಯನ್ನು ಮೀರಿ ನಿಲ್ಲುತ್ತದೆ. ‘ಆ ರಾಜ್ಯದ ಮಟ್ಟಿಗೆ ಮಾತ್ರ’ ಎಂಬ ಗೆರೆ ಕೇರಳ ಗಡಿಯ ತಲಪಾಡಿಯಲ್ಲಿ ಮುಗಿಯುತ್ತದೆ.

ಕರ್ನಾಟಕ ಈ ದಾರಿ ಹಿಡಿದದ್ದು ಸುಲಭದಲ್ಲಿ ಅಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ನಿಷೇಧಿಸಿತು. 2016ರ ಕೊನೆಗೆ ಹೈಕೋರ್ಟಿನ ತಡೆ ಕಂಬಳಕ್ಕೂ ಬಂತು. 2017ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಒಪ್ಪಿಗೆ ಪಡೆದ ಮಸೂದೆ ಕಾಯ್ದೆಯಾಗಲೇ ಇಲ್ಲ. ಜುಲೈಯಲ್ಲಿ ಸುಗ್ರೀವಾಜ್ಞೆ, ಆಮೇಲೆ ಎರಡನೇ ಮಸೂದೆ, ಅದಕ್ಕೆ ರಾಷ್ಟ್ರಪತಿ ಅಂಕಿತ ಸಿಕ್ಕಿದ್ದು 2018ರ ಫೆಬ್ರವರಿಯಲ್ಲಿ. ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ತಿದ್ದುಪಡಿಗಳನ್ನು ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದದ್ದು 2023ರ ಮೇ 18ರಂದು.

ಹಾಗಾಗಿ ಕಾಸರಗೋಡಿನ ಮಟ್ಟಿಗೆ ಮಾತು ನಡೆಯಬೇಕಾದ ಜಾಗ ತಿರುವನಂತಪುರ. ಅಲ್ಲಿ ಬೇಕಾದ್ದು ಮಸೂದೆ, ನಿರ್ಣಯ ಅಲ್ಲ. ಇವೆರಡನ್ನು ಒಂದೇ ಎಂದುಕೊಂಡು ಮನವಿ ಬರೆಯುವವರು ಬಹಳ. 2017ರ ಮೇ ತಿಂಗಳಲ್ಲಿ ಕೇಂದ್ರ ಜಾನುವಾರು ಸಂತೆಗಳ ಬಗ್ಗೆ ಹೊಸ ನಿಯಮ ತಂದಾಗ ಕೇರಳ ವಿಧಾನಸಭೆ ಜೂನ್ 8ರಂದು ವಿಶೇಷ ಅಧಿವೇಶನ ಸೇರಿ ವಿರೋಧದ ನಿರ್ಣಯ ಮಾಡಿತು. ನಿರ್ಣಯ ಸದನದ ಅಭಿಪ್ರಾಯವನ್ನು ಹೇಳಿತೇ ಹೊರತು ನಿಯಮದ ಒಂದು ಅಕ್ಷರವನ್ನೂ ಅಳಿಸಲಿಲ್ಲ. ನಿಯಮಕ್ಕೆ ತಡೆ ಬಿದ್ದದ್ದು ಕೋರ್ಟಿನಿಂದ.

ಅಂಥ ಮಸೂದೆ ಚರ್ಚೆಗೆ ಬಂದರೆ ನೋಡಬೇಕಾದ್ದು ಭಾಷಣಗಳನ್ನಲ್ಲ, ವ್ಯಾಖ್ಯೆಯ ಖಂಡವನ್ನು. ಯಾವ ಪ್ರಾಣಿ, ಯಾವ ತಿಂಗಳು, ಯಾವ ಜಾಗ, ಅನುಮತಿ ಕೊಡುವ ಅಧಿಕಾರಿ ಯಾರು ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ‘ಅನಗತ್ಯ ನೋವು ಕೊಡಬಾರದು’ ಎಂದಷ್ಟೇ ಬರೆದು ಬಿಟ್ಟರೆ ಕೋಣದ ಬೆನ್ನಿಗೆ ಬಾರುಕೋಲಿನ ಎಷ್ಟು ಪೆಟ್ಟು ಅನಗತ್ಯ ಎಂದು ಗದ್ದೆಯ ಬದಿಯಲ್ಲಿ ನಿಂತು ಅಳೆಯುವವರು ಯಾರೂ ಇರುವುದಿಲ್ಲ. ಓಟದ ಮೊದಲೂ ನಂತರವೂ ಪಶುವೈದ್ಯರ ತಪಾಸಣೆ, ಪೆಟ್ಟಿಗೆ ಮಿತಿ, ಗಾಯವಾದರೆ ಆ ಜೋಡಿಯನ್ನು ಅಂದೇ ಕಣದಿಂದ ಹೊರಗಿಡುವುದು: ಇವು ಕಾಯ್ದೆಯಲ್ಲೇ ಇರಲಿ ಎಂದು ಕಂಬಳ ಪ್ರೀತಿಸುವವರೇ ಒತ್ತಾಯಿಸಬೇಕು. ಇನ್ನೊಂದು ಮಾತು: ರಾಷ್ಟ್ರಪತಿ ಅಂಕಿತ ಸಿಕ್ಕ ಮೇಲೂ ಸಂಸತ್ತು ಮುಂದೆ ಬೇರೆ ಕಾನೂನು ಮಾಡಿ ರಾಜ್ಯದ ತಿದ್ದುಪಡಿಯನ್ನು ರದ್ದುಪಡಿಸಬಹುದು. 254ನೇ ವಿಧಿಯೇ ಆ ಬಾಗಿಲನ್ನು ತೆರೆದಿಟ್ಟಿದೆ.

ಪ್ರಶ್ನೆ: ಕಂಬಳಕ್ಕೆ ಸಿಕ್ಕ ವಿನಾಯಿತಿ ಕೋಳಿ ಅಂಕಕ್ಕೆ ಯಾಕಿಲ್ಲ?
(ಬದಿಯಡ್ಕದ ಓದುಗರು)

ಉತ್ತರ: ಓಟ ಬೇರೆ, ಕಾಳಗ ಬೇರೆ. ಕೇಂದ್ರದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನು ಮನರಂಜನೆಗಾಗಿ ಪ್ರಾಣಿಯನ್ನು ಪ್ರಾಣಿಯ ಮೇಲೆ ಛೂ ಬಿಡುವುದನ್ನೇ ಅಪರಾಧ ಎನ್ನುತ್ತದೆ. ಕಾಲಿಗೆ ಬಾಳು (ಸಣ್ಣ ಚೂರಿ) ಕಟ್ಟಿ ಬಿಟ್ಟ ಹುಂಜ ಗೆದ್ದರೂ ಸೋತರೂ ಸೀಳಿಕೊಳ್ಳುತ್ತದೆ. ಅದನ್ನು ಹಿಂಸೆಯಲ್ಲ ಎಂದು ಯಾವ ಸದನದಲ್ಲೂ ವಾದಿಸಲಾಗದು. ಕಣ ಏರ್ಪಡಿಸುವುದು ಸಂಜ್ಞೇಯ ಅಪರಾಧ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ಕೋಳಿ ತಂದವನ ಮೇಲಿನ ಆರೋಪ ಹಾಗಲ್ಲ. ದೇವಸ್ಥಾನದ ವಠಾರದಲ್ಲಿ ಬಲಿ ಕೊಡುವುದಕ್ಕೆ ಕೇರಳದಲ್ಲಿ 1968ರ ಪ್ರತ್ಯೇಕ ನಿಷೇಧ ಕಾಯ್ದೆ ಇದೆ.

ಪ್ರಶ್ನೆ: ಎತ್ತಿನ ಕಾಲು ಮುರಿಯುವಂತೆ ಹೊಡೆದವನಿಗೆ ಐವತ್ತು ರೂಪಾಯಿ ದಂಡ ಹಾಕಿ ಬಿಟ್ಟರಂತೆ. ಇದು ನಿಜವೇ? ಈ ದಂಡವನ್ನು ಸಂಸತ್ತು ಯಾಕೆ ಏರಿಸಿಲ್ಲ?
(ತಾಳವಾಡಿಯ ಓದುಗರು)

ಉತ್ತರ: ನಿಜ ಇರಬಹುದು. 11ನೇ ಸೆಕ್ಷನ್ನಿನಲ್ಲಿ ಮೊದಲ ಸಲ ಸಿಕ್ಕಿಬಿದ್ದವನಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳ ತನಕ ಜೈಲು, ಅಥವಾ ಎರಡೂ. ಅದೇ ಕಾಯ್ದೆಯ 12ನೇ ಸೆಕ್ಷನ್ ನೋಡಿ: ಹಾಲು ಹೆಚ್ಚಿಸಲು ಹಸುವಿನ ಆರೋಗ್ಯ ಕೆಡಿಸುವಂತೆ ಚುಚ್ಚುಮದ್ದು ಕೊಟ್ಟರೆ 1,000 ರೂಪಾಯಿ ತನಕ ದಂಡ ಅಥವಾ ಎರಡು ವರ್ಷದ ತನಕ ಜೈಲು. ಕಾಲು ಮುರಿದದ್ದಕ್ಕೆ ಐವತ್ತು ರೂಪಾಯಿ ಎಂಬುದು ನ್ಯಾಯವಲ್ಲ, ನಾಚಿಕೆಗೇಡು.

2014ರ ತೀರ್ಪಿನಲ್ಲೇ ದಂಡ ಏರಿಸಬೇಕೆಂದು ಸುಪ್ರೀಂ ಕೋರ್ಟು ಸಂಸತ್ತಿನ ಗಮನ ಸೆಳೆದಿತ್ತು. 2022ರ ನವೆಂಬರಿನಲ್ಲಿ ಕೇಂದ್ರ ಒಂದು ಕರಡು ಹೊರಡಿಸಿತು: ಘೋರ ಕ್ರೌರ್ಯಕ್ಕೆ 50,000ದಿಂದ 75,000 ರೂಪಾಯಿ ದಂಡ ಅಥವಾ ಒಂದರಿಂದ ಮೂರು ವರ್ಷ ಜೈಲು, ಕೊಂದರೆ ಐದು ವರ್ಷದ ತನಕ ಜೈಲು. ಜನರ ಅಭಿಪ್ರಾಯಕ್ಕೆ ಬಿಟ್ಟ ಕರಡು ಸದನದಲ್ಲಿ ಮಂಡಿಸಿದ ಮಸೂದೆಯಲ್ಲ. ಪತ್ರಿಕೆಯಲ್ಲಿ ಓದಿ ಕಾನೂನು ಬದಲಾಯಿತೆಂದು ತಿಳಿಯಬೇಡಿ.

ಖಾಸಗಿ ಮಸೂದೆಯೂ, ಅಂದರೆ ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆಯೂ, ಒಂದು ದಾರಿ, ಆದರೆ ಇಕ್ಕಟ್ಟಿನದು. ಲೋಕಸಭೆಯಲ್ಲಿ ಅದಕ್ಕಿರುವುದು ಶುಕ್ರವಾರದ ಕೊನೆಯ ಎರಡೂವರೆ ಗಂಟೆ. ಸ್ವಾತಂತ್ರ್ಯ ಬಂದ ಮೇಲೆ ಕಾಯ್ದೆಯಾದ ಖಾಸಗಿ ಮಸೂದೆಗಳು ಹದಿನಾಲ್ಕೇ, ಕೊನೆಯದು 1970ರಲ್ಲಿ. ಹಾಗೆಂದು ಅದು ವ್ಯರ್ಥವೂ ಅಲ್ಲ. ರಾಜ್ಯಸಭೆಯ ನಾಮಕರಣ ಸದಸ್ಯೆಯಾಗಿದ್ದ ರುಕ್ಮಿಣಿ ದೇವಿ ಅರುಂಡೇಲ್ ತಂದದ್ದು ಖಾಸಗಿ ಮಸೂದೆಯನ್ನೇ. 1954ರಲ್ಲಿ ಚರ್ಚೆಯಾದಾಗ ಪ್ರಧಾನಿ ನೆಹರೂ ಸಮಿತಿ ನೇಮಿಸುವ ಭರವಸೆ ಕೊಟ್ಟು ಅದನ್ನು ಹಿಂದಕ್ಕೆ ಪಡೆಯುವಂತೆ ಕೇಳಿಕೊಂಡರು. ಆ ಚರ್ಚೆಯ ಫಲವೇ ಸರ್ಕಾರ ತಂದ 1960ರ ಕಾಯ್ದೆ. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಶುರುವಾದಾಗ ಮೊದಲ ಅಧ್ಯಕ್ಷೆಯೂ ಅವರೇ.

ಕಾನೂನು ಬದಲಾಗುವವರೆಗೆ ದೂರು ಬರೆಯುವಾಗ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನನ್ನೂ ಸೇರಿಸಿ. ಪ್ರಾಣಿಯನ್ನು ಕೊಂದರೆ, ಅಂಗವಿಕಲ ಮಾಡಿದರೆ ಅದರಲ್ಲಿ ಐದು ವರ್ಷದ ತನಕ ಜೈಲಿದೆ. ತಡ ಮಾಡಬೇಡಿ: 1960ರ ಕಾಯ್ದೆಯಡಿ ಘಟನೆ ನಡೆದು ಮೂರು ತಿಂಗಳಾದ ಮೇಲೆ ಮೊಕದ್ದಮೆ ಹೂಡಲಾಗದು. ಪಶುವೈದ್ಯರ ಗಾಯದ ವರದಿ ಅದೇ ದಿನದ್ದಾಗಿರಲಿ.

ಪ್ರಶ್ನೆ: ನಮ್ಮ ಸಂಸದರ ಮೂಲಕ ದಂಡ ಏರಿಸುವ ಬೇಡಿಕೆಯನ್ನು ಲೋಕಸಭೆಗೆ ಮುಟ್ಟಿಸುವುದು ಹೇಗೆ? ಅರ್ಜಿ ಕನ್ನಡದಲ್ಲಿ ಬರೆಯಬಹುದೇ?
(ಜತ್ತದ ಓದುಗರು)

ಉತ್ತರ: ಬರೆಯಬಹುದು, ಜೊತೆಗೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಇರಲೇಬೇಕು. ಲೋಕಸಭೆಗೇ ಸಂಬೋಧಿಸಿ, ಕೊನೆಗೆ ನಿಮಗೆ ಬೇಕಾದ್ದನ್ನು ಒಂದೇ ಬೇಡಿಕೆಯಾಗಿ ಬರೆದು, ಸಹಿ ಮತ್ತು ಪೂರ್ತಿ ವಿಳಾಸ ಹಾಕಿ. ಸಂಸದರೇ ಮಂಡಿಸುವುದಾದರೆ ಅವರ ಮೇಲುಸಹಿ ಬೇಕು. ಫೋಟೊ, ಅಫಿಡವಿಟ್, ಪತ್ರ ಯಾವುದನ್ನೂ ಲಗತ್ತಿಸುವಂತಿಲ್ಲ. ಕೋರ್ಟಿನ ವ್ಯಾಪ್ತಿಗೆ ಬರುವ ವಿಷಯವನ್ನೂ ರಾಜ್ಯದ ಸದನದಲ್ಲಿ ಕೇಳಬೇಕಾದ್ದನ್ನೂ ಅರ್ಜಿ ಸಮಿತಿ ತೆಗೆದುಕೊಳ್ಳುವುದಿಲ್ಲ. ನಿಮ್ಮ ಊರಿನ ಒಂದು ಪ್ರಕರಣವನ್ನು ಬರೆದರೆ ತಿರಸ್ಕೃತ. ‘11ನೇ ಸೆಕ್ಷನ್ನಿನ ದಂಡದ ಮೊತ್ತ ಬದಲಿಸಿ’ ಎಂದು ಬರೆದರೆ ಅರ್ಜಿ ಊರ್ಜಿತ.

ಇನ್ನೂ ಹತ್ತಿರದ ದಾರಿ ಪ್ರಶ್ನೋತ್ತರ ವೇಳೆ. ಕನಿಷ್ಠ 15 ಪೂರ್ಣ ದಿನಗಳ ಮುಂಚೆ ನೋಟಿಸ್ ಬೇಕು, ಪ್ರಶ್ನೆ 150 ಪದ ಮೀರದಿರಲಿ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿ ಬಾಯಲ್ಲೇ ಉತ್ತರಿಸಬೇಕು, ಉಪಪ್ರಶ್ನೆಗೆ ಅವಕಾಶ ಉಂಟು. ಇಲಾಖೆ ತಪ್ಪಿಸಬೇಡಿ: 2019ರಿಂದ ಈ ಕಾಯ್ದೆ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯದು. ಪರಿಸರ ಸಚಿವಾಲಯದ ಕೈಯಲ್ಲಿ ಉಳಿದಿರುವುದು ವನ್ಯಜೀವಿ ಕಾಯ್ದೆ.